ಬಣ್ಣದಕ್ಕ ಬ್ರಷ್ಷು ಹಿಡಿದದ್ದು

ಇಪ್ಪತ್ತೆಂಟು ವರ್ಷ ಒಂದೇ ಅಂಗಡಿಯ ಒಂದೇ ಕೌಂಟರಿನ ಹಿಂದೆ ನಿಂತು ಬಣ್ಣ ಮಾರಿದ ಆಕೆಯನ್ನು ಊರೆಲ್ಲ ಬಣ್ಣದಕ್ಕ ಎಂದೇ ಕರೆಯುತ್ತಿತ್ತು. ಯಾವ ಗೋಡೆಗೆ ಯಾವ ಬಣ್ಣ ಹೊಂದುತ್ತದೆ, ತುಕ್ಕು ಹಿಡಿದ ಗೇಟಿಗೆ ಮೊದಲು ಏನು ಬಳಿಯಬೇಕು, ಹೊಸ ಗಿಲಾವು ಒಣಗಲು ಎಷ್ಟು ದಿನ ಕಾಯಬೇಕು, ಎಲ್ಲ ಆಕೆಯ ನಾಲಗೆಯ ತುದಿಯಲ್ಲಿರುತ್ತಿತ್ತು. ಗಿರಾಕಿ ಬಾಗಿಲು ದಾಟುವ ಮೊದಲೇ ಅವನ ಚಪ್ಪಲಿಗೆ ಮೆತ್ತಿದ ಸುಣ್ಣವನ್ನೋ ಉಗುರಿನ ಸಂದಿಯ ಕೊಳೆಯನ್ನೋ ನೋಡಿ, ಎಂಥ ಕೆಲಸ ಹಿಡಿದುಕೊಂಡು ಬಂದಿದ್ದಾನೆ ಎಂದು ಹೇಳಿಬಿಡುತ್ತಿದ್ದಳು. ಬಣ್ಣದ ಮೇಸ್ತ್ರಿಗಳು ಕೂಡ ಅನುಮಾನ ಬಂದಾಗ ಮೆಲ್ಲಗೆ ಬಂದು ಆಕೆಯನ್ನೇ ಕೇಳಿ ಹೋಗುತ್ತಿದ್ದರು.

ಆದರೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಬಣ್ಣದಕ್ಕ ತನ್ನ ಜೀವಮಾನದಲ್ಲಿ ಒಂದು ಗೇಣು ಜಾಗಕ್ಕೂ ತನ್ನ ಕೈಯಾರೆ ಬಣ್ಣ ಬಳಿದವಳಲ್ಲ. ದಿನವಿಡೀ ಬಣ್ಣದ ವಾಸನೆಯಲ್ಲಿ ಮುಳುಗೆದ್ದು ಮನೆಗೆ ಬಂದವಳಿಗೆ ಮತ್ತೆ ಡಬ್ಬಿಯ ಮುಚ್ಚಳ ತೆರೆಯುವ ಆಸೆ ಎಲ್ಲಿಂದ ಬರಬೇಕು? ಮನೆಗೆ ಬಣ್ಣ ಹೊಡೆಯುವುದು ಗಂಡನ ಪಾಲಿನ ಕೆಲಸ. ಗಂಡ ಗಡಿಯಾರ ರಿಪೇರಿಯವನು. ಕೈ ನಿಧಾನ, ಆ ಕೈ ಜೇಬಿಗೆ ಹೋಗುವುದು ಇನ್ನೂ ನಿಧಾನ. ಗಿರಾಕಿಗಳು 'ನಾನು ಕೇಳಿದ್ದು ಇದಲ್ಲ' ಎಂದು ಅಂಗಡಿಗೆ ಹಿಂದಿರುಗಿಸಿದ ಡಬ್ಬಿಗಳು ಅರ್ಧ ಬೆಲೆಗೆ ಸಿಗುತ್ತಿದ್ದವಲ್ಲ, ಅವೆಂದರೆ ಅವನಿಗೆ ಪಂಚಪ್ರಾಣ. ಹೀಗಾಗಿ ಅವರ ಮಲಗುವ ಕೋಣೆಯಲ್ಲಿದ್ದದ್ದು ಔಷಧಿ ಅಂಗಡಿಯವರು ಬೇಡವೆಂದ ಹಸಿರು; ಅಡುಗೆಮನೆಯಲ್ಲಿ ವಕೀಲರ ಹೆಂಡತಿ ಮೂಗು ಮುರಿದ ಗುಲಾಬಿ; ನಡುಮನೆಯ ಮೂರು ಗೋಡೆಗೆ ಯಾರದೋ ಕೆನೆ ಬಣ್ಣ, ಡಬ್ಬಿ ಬರಿದಾದ್ದರಿಂದ ನಾಲ್ಕನೆಯ ಗೋಡೆಗೆ ಇನ್ಯಾರದೋ ತಿಳಿನೀಲಿ. ಊರಿಗೆಲ್ಲ ಬಣ್ಣ ಆರಿಸಿಕೊಟ್ಟವಳು ಊರು ಬಿಟ್ಟ ಬಣ್ಣಗಳ ನಡುವೆ ಬದುಕಿದ್ದಳು. ಅದಕ್ಕಾಗಿ ಆಕೆ ಎಂದೂ ಗೊಣಗಿದವಳೂ ಅಲ್ಲ, ಅದರ ಬಗ್ಗೆ ಯೋಚಿಸಲು ಪುರುಸೊತ್ತೂ ಇರಲಿಲ್ಲ.

ಈಗ ಪುರುಸೊತ್ತೇ ಪುರುಸೊತ್ತು. ಕೆಲಸದಿಂದ ನಿವೃತ್ತಳಾಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಆರಕ್ಕೇ ಎಚ್ಚರವಾಗುತ್ತಿತ್ತು, ಎಂಟಕ್ಕೆ ತಯಾರಾಗಿ ಕೂತುಬಿಡುತ್ತಿದ್ದಳು, ಆಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಾಯಿ ಒಂದೇ ಸಮ ತುರಿಸುತ್ತಿತ್ತು. ಬ್ರೆಡ್ಡು ತರಲು ಹೋದರೆ ಬೇಕರಿಯವನಿಗೆ, "ನಿಮ್ಮ ಶಟರಿಗೆ ಹೊಡೆದಿರೋದು ಗೋಡೆ ಬಣ್ಣ, ಅದಕ್ಕೇ ಹಾಗೆ ಸಿಪ್ಪೆ ಏಳ್ತಿದೆ" ಎಂದು ಹೇಳಿ ಬರುವಳು. ಅವನು, "ಹೌದಾ ಅಕ್ಕ?" ಎಂದು ಚಿಲ್ಲರೆ ಕೊಟ್ಟು ಮುಂದಿನವರ ಕಡೆ ತಿರುಗುವನು.

ಅವರ ಮನೆಯಿಂದ ಎರಡು ಬೀದಿ ಆಚೆ ನಾದಿನಿಯ ಮನೆ. ಗಂಡನ ತಂಗಿಯಾದ ಈಕೆ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಆಕೆಯ ಗಂಡ ಬಸ್ ಡ್ರೈವರಾಗಿದ್ದು ಹೋದ ವರ್ಷ ಸ್ಟೀರಿಂಗು ಬಿಟ್ಟವನು. ಆದರೂ ಯಾರೂ ಅವನನ್ನು ಡ್ರೈವರ್ ಎಂದು ಕರೆಯುತ್ತಿರಲಿಲ್ಲ, ಕ್ಯಾಪ್ಟನ್ ಎನ್ನುತ್ತಿದ್ದರು. ಅವನ ಬಳಿ ಒಂದು ದೋಣಿಯಿತ್ತು ಎಂಬುದೇ ಅದಕ್ಕೆ ಕಾರಣ. ಹದಿನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ದೋಣಿ, ಅವರ ಮದುವೆಗಿಂತ ಹಳೆಯದು. ಊರಂಚಿನ ದೊಡ್ಡ ಕೆರೆಯಲ್ಲಿ ರಜೆಯ ದಿನ ಅದನ್ನು ಇಳಿಸಿ ಮೀನಿಗೆ ಗಾಳ ಹಾಕಿ ಕೂರುವುದೆಂದರೆ ಕ್ಯಾಪ್ಟನ್‌ಗೆ ಸ್ವರ್ಗ.

ಆ ಶುಕ್ರವಾರ ಸಂಜೆ ಬಣ್ಣದಕ್ಕನೂ ಅವಳ ಗಂಡನೂ ಚಹಾಕ್ಕೆಂದು ಅಲ್ಲಿಗೆ ಹೋದಾಗ ಕ್ಯಾಪ್ಟನ್ ಮುಖ ಊದಿಸಿಕೊಂಡು ಕೂತಿದ್ದ.

"ಏನಾಯ್ತೇ ಇವರಿಗೆ?" ಎಂದು ಬಣ್ಣದಕ್ಕ ನಾದಿನಿಯನ್ನು ಕೇಳಿದಳು.

"ದೋಣಿಗೆ ಲೈಸೆನ್ಸ್ ಸಿಗಲಿಲ್ಲ ಅತ್ತಿಗೆ. ಕೆರೆ ಆಫೀಸಿನ ಇನ್ಸ್‌ಪೆಕ್ಟರ್ ಮೇಡಂ ಬಂದು ನೋಡಿ, ನಂಬರೇ ಓದೋಕಾಗ್ತಿಲ್ಲ ಅಂದ್ರಂತೆ. ಹದಿನೈದು ದಿನದೊಳಗೆ ಬಣ್ಣ ಹೊಡೆದು ನಂಬರ್ ಬರೆಸದೆ ಇದ್ರೆ ದೋಣಿ ನೀರಿಗೆ ಇಳಿಸೋ ಹಾಗಿಲ್ಲ."

"ಬರೀ ಅಷ್ಟೇ ಅಂದಿದ್ರೆ ಸಹಿಸ್ಕೊಳ್ತಿದ್ದೆ," ಎಂದ ಕ್ಯಾಪ್ಟನ್. "ಇದು ದೋಣಿನಾ, ಪೊರೆ ಬಿಡ್ತಿರೋ ಹಾವಾ ಅಂತ ಕೇಳಿದ್ರು! ನಾಲ್ಕು ಜನರ ಮುಂದೆ! ಹನ್ನೊಂದು ಸಲ ಬಣ್ಣ ಹೊಡೆದಿದ್ದೀನಿ ಅದಕ್ಕೆ. ಹನ್ನೊಂದು ಸಲ! ಅಲ್ಯೂಮಿನಿಯಂಗೆ ಬಣ್ಣ ಅನ್ನೋದೇ ಆಗಿಬರಲ್ಲ, ಅಷ್ಟೇ."

"ಬಣ್ಣಕ್ಕೆ ಮೊದಲು ಪ್ರೈಮರ್ ಹಾಕಿದ್ರಾ?" ಪ್ರಶ್ನೆ ಬಣ್ಣದಕ್ಕನ ಬಾಯಿಂದ ತಾನಾಗಿ ಜಾರಿತು.

"ಹಾಕದೆ ಏನು? ಗೇಟಿಗೆ ಹಾಕಿ ಉಳಿದದ್ದಿತ್ತಲ್ಲ, ಅದನ್ನೇ ಹಾಕ್ದೆ."

"ಅಯ್ಯೋ, ಅದು ಕಬ್ಬಿಣದ್ದು ಕ್ಯಾಪ್ಟನ್ರೇ! ಅಲ್ಯೂಮಿನಿಯಂಗೆ ಬೇರೇನೇ ಪ್ರೈಮರ್ ಇದೆ. ಲೋಹಾನ ಸ್ವಲ್ಪ ಕಚ್ಚಿ ಹಿಡ್ಕೊಳ್ಳುತ್ತೆ ಅದು. ಅದನ್ನೂ ಉಜ್ಜಿದ ದಿನಾನೇ ಹಾಕ್ಬೇಕು. ಮರುದಿನಕ್ಕೆ ಬಿಟ್ರೆ ಕಣ್ಣಿಗೆ ಕಾಣದ ಪೊರೆ ಬಂದು ಕೂತಿರುತ್ತೆ, ಆಮೇಲೆ ಯಾರು ಬಂದು ಬಳಿದ್ರೂ ನಿಲ್ಲಲ್ಲ."

ಕ್ಯಾಪ್ಟನ್ ಮೊದಲೇ ಇನ್ಸ್‌ಪೆಕ್ಟರ್ ಮೇಡಂ ಕೈಯಲ್ಲಿ ಮಂಗಳಾರತಿ ಮಾಡಿಸಿಕೊಂಡು ಬಂದವನು. "ನೀವು ಕೌಂಟರ್ ಹಿಂದಿನ ಪಂಡಿತರು ಅಕ್ಕ," ಎಂದುಬಿಟ್ಟ. "ಬಾಯಲ್ಲೇ ಬಣ್ಣ ಹೊಡೆಯೋರು. ಒಂದೇ ಒಂದು ಸಲ ಕೈಯಲ್ಲಿ ಹೊಡೆದು ನೋಡಿ, ಆಗ ಗೊತ್ತಾಗುತ್ತೆ."

ನಾದಿನಿ ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ಹೇಳಿದ್ದು ತಮಾಷೆಗೇ. ಆದರೆ ಮಾತು ಹೋಗಿ ಬೀಳಬಾರದ ಜಾಗಕ್ಕೇ ಬಿತ್ತು. ಏಕೆಂದರೆ ಈ ಎರಡು ತಿಂಗಳಲ್ಲಿ ಬಣ್ಣದಕ್ಕ ತನ್ನನ್ನು ತಾನೇ ಎಷ್ಟೋ ಸಲ ಇದನ್ನೇ ಕೇಳಿಕೊಂಡಿದ್ದಳು. ಕಂಪನಿಯವರು ಡಬ್ಬಿಯ ಮೇಲೆ ಅಚ್ಚು ಹಾಕಿದ್ದನ್ನು ಓದಿ ಓದಿ ಜನರಿಗೆ ಒಪ್ಪಿಸಿದ್ದಲ್ಲವೇ ತಾನು? ಅದೆಲ್ಲ ನಿಜವೋ ಸುಳ್ಳೋ ಯಾವತ್ತು ನೋಡಿದ್ದೆ?

ಆಕೆ ಚಹಾದ ಲೋಟ ಕೆಳಗಿಟ್ಟಳು. "ಆಯ್ತು. ನಾನೇ ಹೊಡೀತೀನಿ."

"ಏನು?"

"ನಿಮ್ಮ ದೋಣಿಗೆ ಬಣ್ಣ. ಸಿಪ್ಪೆ ತೆಗೆಯೋದರಿಂದ ಹಿಡಿದು ಕೊನೆಯ ಕೋಟಿನವರೆಗೆ. ನಾನು ಹೇಳ್ದ ಹಾಗೆ, ನನ್ನ ಕೈಯಲ್ಲಿ."

ಗಂಡ ಚಹಾ ನೆತ್ತಿಗೇರಿ ಕೆಮ್ಮತೊಡಗಿದ. ಕ್ಯಾಪ್ಟನ್ ಕಕ್ಕಾಬಿಕ್ಕಿಯಾದ. ಒಂದು ಗಳಿಗೆ ಬಿಟ್ಟು ಅವನ ಮುಖದಲ್ಲಿ ತುಂಟನಗೆ ಕಾಣಿಸಿತು. "ಸರಿ ಅಕ್ಕ, ಒಂದು ಪಂದ್ಯ. ನಿಮ್ಮ ಪ್ರೈಮರ್ ಒಣಗಿದ ಮೇಲೆ ನಾನು ಅಂಟುಪಟ್ಟಿ ಹಚ್ಚಿ ಎಳೀತೀನಿ. ಕಿತ್ಕೊಂಡು ಬಂತು ಅಂದ್ರೆ ನೀವು ಸೋತ್ರಿ. ಬರಲಿಲ್ವಾ, ಮೇಲಿನ ಬಣ್ಣ ನಿಮ್ಮಿಷ್ಟ. ನಾನು ತುಟಿ ಪಿಟಕ್ಕನ್ನಲ್ಲ."

"ಅಂಟುಪಟ್ಟಿ ನಾನು ಕೊಡ್ತೀನಿ," ಎಂದಳು ನಾದಿನಿ. "ಆಸ್ಪತ್ರೆಯ ಪ್ಲಾಸ್ಟರು. ಚರ್ಮಾನೇ ಕಿತ್ಕೊಂಡು ಬರುತ್ತೆ."

ಶನಿವಾರ ಬೆಳಿಗ್ಗೆ ಏಳಕ್ಕೆ ಬಣ್ಣದಕ್ಕ ಗಂಡನ ಹಳೇ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಹಾಜರಾದಳು. ಕ್ಯಾಪ್ಟನ್ ಮನೆಯ ಪಕ್ಕದ ಶೆಡ್ಡಿನಲ್ಲಿ ದೋಣಿ ಎರಡು ಬೆಂಚುಗಳ ಮೇಲೆ ಬೋರಲು ಮಲಗಿತ್ತು. ಕಾರಿಗೆಂದು ಕಟ್ಟಿದ ಶೆಡ್ಡು. ದೋಣಿಗೆ ಉದ್ದ ಸಾಲದೆ ಅದರ ಮೂತಿ ಒಂದು ಗಜದಷ್ಟು ಹೊರಗೆ ಬೀದಿಯ ಕಡೆ ಚಾಚಿಕೊಂಡಿತ್ತು. ದಾರಿಹೋಕರಿಗೆಲ್ಲ ಅದು ಶೆಡ್ಡಿನೊಳಗಿಂದ ಇಣುಕಿ ನೋಡುವ ಹಾಗೆ ಕಾಣುತ್ತಿತ್ತು.

ಬಣ್ಣ ಕೆರೆಯುವ ತಗಡಿನ ಪಟ್ಟಿಯನ್ನು ಓರೆಯಾಗಿ ಹಿಡಿದು ಮೊದಲ ಸಲ ತಳ್ಳಿದಾಗ ಬಣ್ಣ ಅಂಗೈಯಗಲದ ಹಾಳೆಯಾಗಿ ಕಳಚಿ ಬಂತು. ಬಣ್ಣದಕ್ಕ ಅದನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಪದರ ಪದರವಾಗಿ ನೀಲಿ, ಕಂದು, ಮತ್ತೆ ನೀಲಿ, ಹಸಿರು, ಬೂದು.

ಕೈಕಟ್ಟಿ ನೋಡುವುದಷ್ಟೇ ತನ್ನ ಕೆಲಸ ಎಂದು ಕುರ್ಚಿ ಹಾಕಿಕೊಂಡಿದ್ದ ಕ್ಯಾಪ್ಟನ್‌ಗೆ ತಡೆಯಲಾಗಲಿಲ್ಲ. ಎದ್ದು ಬಂದು ಆ ಚೂರು ಕಸಿದುಕೊಂಡ. "ಈ ಕಂದು ನೋಡಿ, ಮನೆಗೆ ಬಾಗಿಲು ಹಾಕಿಸಿದ ವರ್ಷದ್ದು. ಹಸಿರು ಡಿಪೋದಲ್ಲಿ ಉಳಿದಿತ್ತು. ಈ ನೀಲಿ..." ಎಂದು ಹೆಂಡತಿಯ ಕಡೆ ತಿರುಗಿದ. "ಇದು ನೀನು ನನ್ನ ಹತ್ರ ಮೂರು ವಾರ ಮಾತು ಬಿಟ್ಟಿದ್ದೆಯಲ್ಲ, ಆಗ ಹೊಡೆದದ್ದು. ಮಾಡೋಕೆ ಬೇರೆ ಕೆಲಸ ಇರಲಿಲ್ಲ."

"ಎರಡು ನೀಲಿ ಇವೆ," ಎಂದಳು ನಾದಿನಿ.

"ನೀನು ಎರಡು ಸಲ ಮಾತು ಬಿಟ್ಟಿದ್ದೆ," ಎಂದ ಕ್ಯಾಪ್ಟನ್.

ನಾದಿನಿ ಆಸ್ಪತ್ರೆಯಲ್ಲಿ ಬಳಸಿ ಬಿಟ್ಟ, ಹಲ್ಲಿನ ಪಾಚಿ ತೆಗೆಯುವ ಕೊಕ್ಕೆಗಳನ್ನು ತಂದಿದ್ದಳು. ಪಟ್ಟಿ ತಲುಪದ, ತಗಡು ಜೋಡಿಸಿದ ರಿವಿಟು ಮೊಳೆಗಳ ಸುತ್ತಿನ ಬಣ್ಣಕ್ಕೆ ಅದರಷ್ಟು ಚೆನ್ನಾದ ಹತ್ಯಾರು ಇನ್ನೊಂದಿಲ್ಲ ಎಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಆಕೆ ಒಂದೊಂದು ರಿವಿಟಿನ ಬಳಿಯೂ ಬಾಗಿ, "ಬಾಯಿ ದೊಡ್ಡದಾಗಿ ತೆಗೀರಿ. ಹಾಂ, ಸ್ವಲ್ಪ ನೋವಾಗುತ್ತೆ" ಎಂದು ಕೆರೆಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಕ್ಯಾಪ್ಟನ್ ಕೂಡ ಒಂದು ಪಟ್ಟಿ ಹಿಡಿದು ಇನ್ನೊಂದು ಮಗ್ಗುಲಿಗೆ ನಿಂತಿದ್ದ. ಕೈಕಟ್ಟಿ ಕೂರುವುದು ಅವನ ಜಾಯಮಾನಕ್ಕೆ ಒಗ್ಗಲಿಲ್ಲ.

ಸಂಜೆ ಬಣ್ಣದಕ್ಕ ತನ್ನ ಹಳೆಯ ಅಂಗಡಿಗೆ ಹೋಗಿ ಪ್ರೈಮರ್ ತಂದಳು. "ಮೇಲಿನ ಬಣ್ಣ ಯಾವುದು ಕೊಡಲಿ?" ಎಂದು ಅಂಗಡಿಯ ಮಾಲೀಕರು ಕೇಳಿದರು. ಇಪ್ಪತ್ತೆಂಟು ವರ್ಷ ತಾನು ದಿನಕ್ಕೆ ನೂರು ಸಲ ಕೇಳಿದ ಪ್ರಶ್ನೆ. ಬಣ್ಣದಕ್ಕನಿಗೆ ಉತ್ತರ ಹೊಳೆಯಲಿಲ್ಲ. "ಪಂದ್ಯ ಮುಗೀಲಿ, ಆಮೇಲೆ ಹೇಳ್ತೀನಿ," ಎಂದು ಹೇಗೋ ಜಾರಿಕೊಂಡಳು.

ಭಾನುವಾರ ಉಜ್ಜುವ ದಿನ. ಮೂಗಿಗೆ ನಾದಿನಿಯ ಆಸ್ಪತ್ರೆಯ ಮಾಸ್ಕು, ಕೈಗೆ ಎಮರಿ ಪೇಪರು. ಮೊದಲು ಒರಟು, ಆಮೇಲೆ ನಯ. ಉಜ್ಜಿದಲ್ಲೆಲ್ಲ ಮಬ್ಬು ಹರಿದು ಲೋಹ ಹೊಸ ಪಾತ್ರೆಯ ಹಾಗೆ ಬೆಳ್ಳಗೆ ಕಾಣಿಸಿಕೊಂಡಿತು. ಬಣ್ಣದಕ್ಕನ ರಟ್ಟೆ ಬಿದ್ದುಹೋಗುವಂತಾಗಿತ್ತು, ಬೆನ್ನು ಬೇರೆ ಯಾರದೋ ಎನ್ನುವ ಹಾಗಿತ್ತು. ಆದರೆ ಕೈ ಮಾತ್ರ ನಿಲ್ಲಲೊಲ್ಲದು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಥಿನ್ನರ್ ಬಟ್ಟೆಯಿಂದ ಜಿಡ್ಡು ತೆಗೆದು ಮುಗಿಯಿತು. ಇನ್ನೇನು ಪ್ರೈಮರ್ ಡಬ್ಬಿ ತೆರೆಯಬೇಕು, ಬೀದಿಯ ಮೇಲೆ ನೆರಳು ಬಿದ್ದಂತಾಯಿತು. ನೋಡಿದರೆ ಆಕಾಶದ ಅರ್ಧ ಭಾಗ ಕಪ್ಪಿಟ್ಟಿದೆ.

"ನಾಳೆ ಮಾಡೋಣ ಬಿಡಿ ಅಕ್ಕ," ಎಂದ ಕ್ಯಾಪ್ಟನ್. "ಮೂತಿ ಹೊರಗಿದೆ, ನೆನೆಯುತ್ತೆ."

"ನಾಳೆ ಅಂದ್ರೆ ಇಡೀ ದೋಣಿ ಮತ್ತೆ ಉಜ್ಜಬೇಕು! ಇವತ್ತೇ ಆಗ್ಬೇಕು. ಶೆಡ್ಡಿನ ಒಳಗಿರೋ ಭಾಗ ನೀವಿಬ್ಬರೂ ಹಿಡೀರಿ, ಮೂತಿ ನಾನು ನೋಡ್ಕೊಳ್ತೀನಿ. ತೆಳ್ಳಗೆ ಹಾಕಿ, ದಪ್ಪ ಬೇಡ!"

ಮೊದಲ ಹನಿ ಬಿದ್ದದ್ದು ಸರಿಯಾಗಿ ಆಕೆಯ ಮೂಗಿನ ಮೇಲೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗಂಡ ಕಾಣಿಸಿಕೊಂಡ. ಅವನು ಬಂದದ್ದು ಹೆಂಡತಿ ಊಟಕ್ಕೆ ಯಾಕೆ ಬಂದಿಲ್ಲ ಎಂದು ಕೇಳಲು. ಅವನಾದರೋ ಮೋಡ ಕಂಡ ಕೂಡಲೇ ಕೊಡೆ ಹಿಡಿಯುವ ಆಸಾಮಿ. ಅದೂ ತನ್ನ ತಂದೆಯ ಕಾಲದ, ಇಬ್ಬರು ಮಲಗಬಹುದಾದಷ್ಟು ದೊಡ್ಡ ಕಪ್ಪು ಕೊಡೆ.

"ರೀ! ಓಡಿ ಬನ್ನಿ! ಕೊಡೆ ಇಲ್ಲಿ ಹಿಡೀರಿ!"

"ನಿನಗಾ?"

"ನನಗ್ಯಾಕೆ? ದೋಣಿಗೆ!"

ಜೀವಮಾನದಲ್ಲಿ ಓಡಿದ್ದನ್ನು ಯಾರೂ ಕಂಡಿರದ ಗಂಡ ಅವತ್ತು ಓಡಿದ. ಮಳೆ ಧೋ ಎಂದು ಸುರಿಯುವುದಕ್ಕೂ ಅವನು ದೋಣಿಯ ಮೂತಿಯ ಮೇಲೆ ಕೊಡೆ ಚಾಚಿ ನಿಲ್ಲುವುದಕ್ಕೂ ಸರಿಹೋಯಿತು. ಕೊಡೆಯ ಕೆಳಗೆ ಮೊಣಕಾಲೂರಿ ಬಣ್ಣದಕ್ಕ ಹಸಿರು ಬೆರೆತ ಬೂದು ಪ್ರೈಮರನ್ನು ಬಳಿಯುತ್ತಲೇ ಹೋದಳು. ಕೊಡೆಯಿಂದ ಇಳಿದ ನೀರೆಲ್ಲ ಗಂಡನ ಕುತ್ತಿಗೆಯಿಂದ ಅಂಗಿಯೊಳಗೆ ಹರಿಯುತ್ತಿತ್ತು. ಅವನ ಕನ್ನಡಕದ ಮೇಲೆ ನೀರು, ಬೂಟಿನೊಳಗೆ ನೀರು. ಆದರೆ ಪುಟ್ಟ ಕೈಗಡಿಯಾರದ ಚಕ್ರಗಳನ್ನು ಹಿಡಿದು ಅಭ್ಯಾಸವಾದ ಆ ಕೈ ಒಂದಿಷ್ಟೂ ಅಲುಗಲಿಲ್ಲ.

"ಇನ್ನೆಷ್ಟು ಹೊತ್ತೇ?" ಎಂದು ಒಮ್ಮೆ ಕೇಳಿದ.

"ಸ್ವಲ್ಪ ಎಡಕ್ಕೆ ಹಿಡೀರಿ."

ಅವನು ಎಡಕ್ಕೆ ಹಿಡಿದ. ಎದುರುಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು. ಒದ್ದೆ ಮುದ್ದೆಯಾಗಿ ದೋಣಿಗೆ ಕೊಡೆ ಹಿಡಿದು ನಿಂತಿದ್ದ ಮನುಷ್ಯನನ್ನು ಕಂಡು ಅವರಿಗೆ ಏನೆನಿಸಿತೋ. ಬಣ್ಣದಕ್ಕನಿಗೆ ಮಾತ್ರ, ತಲೆಯೆತ್ತಿ ಅವನ ಗದ್ದದಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದಾಗ, ನಗು ಉಕ್ಕಿ ಬಂತು. ಅವನಿಗೂ ನಗು ಹತ್ತಿತು. ಒಳಗಿನಿಂದ ಕ್ಯಾಪ್ಟನ್, "ಭಾವ, ನಿಮಗೂ ಒಂದು ಕೋಟ್ ಹೊಡೆದುಬಿಡ್ಲಾ, ನೀರು ಹಿಡಿಯೋದಿಲ್ಲ!" ಎಂದು ಕೂಗಿದ. ನಾಲ್ವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಸೋಮವಾರ ನಾದಿನಿ ಕೆಲಸಕ್ಕೆ ಹೊರಡುವ ಮೊದಲೇ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಕ್ಯಾಪ್ಟನ್ ಪ್ಲಾಸ್ಟರಿನ ಉದ್ದನೆಯ ತುಂಡೊಂದನ್ನು ದೋಣಿಯ ಮೂತಿಗೇ, ಮಳೆಯಲ್ಲಿ ಬಳಿದ ಜಾಗಕ್ಕೇ ಹಚ್ಚಿದ. ಹೆಬ್ಬೆರಳಿನಿಂದ ಒತ್ತಿದ, ತೃಪ್ತಿಯಾಗದೆ ಚಮಚದ ಬೆನ್ನಿನಿಂದ ತಿಕ್ಕಿದ. ಕ್ಯಾಪ್ಟನ್ ತುದಿ ಹಿಡಿದು ಸರ್ರನೆ ಎಳೆದ. ಪ್ಲಾಸ್ಟರು ಬಂತು. ತಿರುಗಿಸಿ ನೋಡಿದ. ಬೆಳ್ಳಗೆ, ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೆ. ಇನ್ನೊಂದು ಕಡೆ ಹಚ್ಚಿದ, ಎಳೆದ. ಮತ್ತೊಂದು ಕಡೆ. ಏಳು ಕಡೆ ಎಳೆದರೂ ಪ್ರೈಮರ್ ಜಪ್ಪಯ್ಯ ಎಂದರೂ ಬರಲಿಲ್ಲ.

"ನಿಜವಾಗ್ಲೂ ಕಚ್ಕೊಂಡಿದೆ!" ಎಂದು ಬಣ್ಣದಕ್ಕ ಕಿರುಚಿದಳು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಆಕೆಗೇ. "ಡಬ್ಬಿ ಮೇಲೆ ಬರೆದಿರೋದು ನಿಜ ಕಣೇ! ನಾನು ಹೇಳ್ತಿದ್ದದ್ದೆಲ್ಲ ನಿಜ!"

ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿದ. "ಶರಣು ಅಕ್ಕ. ಬಣ್ಣ ನಿಮ್ಮಿಷ್ಟ."

ಆ ಮಧ್ಯಾಹ್ನ ಬಣ್ಣದಕ್ಕ ಗಂಡನೊಂದಿಗೆ ಅಂಗಡಿಗೆ ಹೋದಳು. ಅಭ್ಯಾಸಬಲದಿಂದ ಕಾಲು ಕೌಂಟರಿನ ಹಿಂದಕ್ಕೆ ಹೊರಟಿತ್ತು. ತಡೆದು ಈಚೆ ನಿಂತಳು. ಮಾಲೀಕರಿಗೆ ಖುಷಿಯೋ ಖುಷಿ. "ದೋಣಿಗೆ ತಾನೇ? ನಿಮ್ಮ ಅದೃಷ್ಟ ನೋಡಿ, ಮೊನ್ನೆಯಷ್ಟೇ ವಾಪಸ್ ಬಂದ ಡಬ್ಬಿ ಇದೆ. ಒಳ್ಳೇ ಎನಾಮೆಲ್, ಬೂದು ನೀಲಿ. ಅರ್ಧಕ್ಕೆ ತಗೊಂಡು ಹೋಗಿ."

ಗಂಡನ ಕಣ್ಣು ಅರಳಿತು. ಕೈ ಆಗಲೇ ಡಬ್ಬಿಯ ಹಿಡಿಗೆ ಹೋಗಿತ್ತು.

"ಬೇಡ," ಎಂದಳು ಬಣ್ಣದಕ್ಕ.

"ಚೆನ್ನಾಗಿದೆ ಕಣೇ, ನೀರಿಗೆ ಹೊಂದುತ್ತೆ..."

"ಹೊಂದೋದು ಬೇಡ ರೀ. ಇಷ್ಟು ವರ್ಷ ಬೇರೆಯವರು ಬೇಡ ಅಂದ ಬಣ್ಣದಲ್ಲೇ ಇದ್ದೀನಿ. ನನಗೆ ಹೊಸದು ಬೇಕು. ನನಗೇ ಅಂತ ಕಲಸಿದ್ದು." ಹೇಳುವಾಗ ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಇಷ್ಟು ದಿನ ತನಗೇ ಗೊತ್ತಿರದ ವಿಷಯವೊಂದನ್ನು ಈಗಷ್ಟೇ ಕಂಡುಕೊಂಡವಳ ಬೆರಗಿತ್ತು.

ಗಂಡ ಡಬ್ಬಿಯ ಹಿಡಿ ಬಿಟ್ಟ. ಅಂಗಡಿಯ ಗೋಡೆ, ಹೆಂಡತಿಯ ಮುಖ, ಮತ್ತೆ ಗೋಡೆ ನೋಡಿದ. "ನನಗೆ ಹೊಳೆದೇ ಇರಲಿಲ್ಲ," ಎಂದ ಮೆಲ್ಲಗೆ. "ಯಾವುದು ಬೇಕು ನಿನಗೆ?"

ಬಣ್ಣದಕ್ಕನಿಗೆ ಈಗ ಉತ್ತರ ಸಿದ್ಧವಿತ್ತು. ಗಿರಾಕಿಗಳು ಕಡುಗೆಂಪು ಕೇಳಿದಾಗಲೆಲ್ಲ, 'ಬೇಡಿ, ಬೇಗ ಮಾಸುತ್ತೆ, ಕಣ್ಣಿಗೆ ಹೊಡೆಯುತ್ತೆ' ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದವಳು ಆಕೆ. ಆದರೆ ಅಪರೂಪಕ್ಕೆ ಯಾರಾದರೂ ಹಟ ಹಿಡಿದು ಕೆಂಪೇ ಕಲಸಿಸಿಕೊಂಡರೆ ಆ ದಿನವೆಲ್ಲ ಆಕೆಗೆ ಒಂದು ಬಗೆಯ ಸಡಗರ. ಆ ಡಬ್ಬಿಯ ಮುಚ್ಚಳ ಹಾಕುವ ಮೊದಲು ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದಳು.

"ಕೆಂಪು," ಎಂದಳು. "ಮಾಗಿದ ಟೊಮೇಟೊ ಕೆಂಪು. ಕೆರೆಯ ಆ ದಡದಿಂದ ನೋಡಿದ್ರೂ ಕಾಣ್ಬೇಕು. ಒಳಗೆ ಕೂರೋ ಜಾಗಕ್ಕೆ ತಿಳಿಬೂದು, ಬಿಸಿಲಿಗೆ ಕಣ್ಣು ಕುಕ್ಕಬಾರದು."

ಮಾಲೀಕರು ಯಂತ್ರದ ಮುಂದೆ ನಿಂತು ಕಲಸಿದರು. ಬಣ್ಣದಕ್ಕ ಗಿರಾಕಿಯ ಹಾಗೆ ತೆಪ್ಪಗಿರಲು ಎಷ್ಟು ಪ್ರಯತ್ನಪಟ್ಟರೂ ಎರಡು ಸಲ, "ಕಪ್ಪು ಒಂದು ಹನಿ ಹೆಚ್ಚಾಯ್ತು ನೋಡಿ" ಎಂದು ಹೇಳದೆ ಬಿಡಲಿಲ್ಲ. ಹಣ ಕೊಟ್ಟದ್ದು ಗಂಡ. ಪೂರ್ತಿ ಬೆಲೆ, ಚೌಕಾಸಿ ಮಾಡದೆ. ಮಾಲೀಕರು ಅವನಿಗೆ ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದರು.

ಸಂಜೆ ಮೊದಲ ಕೋಟು. ಇಲ್ಲಿ ಬಣ್ಣದಕ್ಕನ ಪಾಂಡಿತ್ಯ ಕೈಕೊಟ್ಟಿತು. 'ಬ್ರಷ್ಷನ್ನು ಮೂರನೇ ಒಂದು ಭಾಗ ಮಾತ್ರ ಅದ್ದಿ' ಎಂದು ಸಾವಿರಾರು ಜನರಿಗೆ ಹೇಳಿದ್ದವಳು ಆ ಕೆಂಪನ್ನು ಕಂಡ ಹುಮ್ಮಸ್ಸಿನಲ್ಲಿ ಹಿಡಿಯವರೆಗೂ ಅದ್ದಿಬಿಟ್ಟಳು. ಬಳಿದದ್ದೆಲ್ಲ ಹತ್ತು ನಿಮಿಷದಲ್ಲಿ ಪರದೆಯ ನಿರಿಗೆಗಳಂತೆ ಕೆಳಗಿಳಿಯತೊಡಗಿತು. ಒರೆಸಲು ಹೋದಷ್ಟೂ ಅದು ಇನ್ನಷ್ಟು ಕೆಟ್ಟಿತು. ಆಕೆಯ ಮುಖ ಸಣ್ಣದಾಯಿತು.

ಅಣಕಿಸಲು ಇದಕ್ಕಿಂತ ಒಳ್ಳೆಯ ಸಮಯ ಕ್ಯಾಪ್ಟನ್‌ಗೆ ಸಿಗುತ್ತಿರಲಿಲ್ಲ. ಅವನು ಅಣಕಿಸಲಿಲ್ಲ. ಪಕ್ಕಕ್ಕೆ ಬಂದು ನಿಂತು, "ಅಕ್ಕ, ಒಂದು ಮಾತು ಹೇಳ್ಲಾ?" ಎಂದ. "ನೀವು ಮಣಿಕಟ್ಟಿನಿಂದ ಬಳೀತಿದ್ದೀರಿ. ಭುಜದಿಂದ ಬಳೀರಿ. ಬಸ್ಸನ್ನ ತಿರುವಿನಲ್ಲಿ ತಿರುಗಿಸ್ತೀವಲ್ಲ, ಹಾಗೆ, ಇಡೀ ತೋಳು. ಈ ತುದಿಯಲ್ಲಿ ಶುರು ಮಾಡಿದ್ರೆ ಆ ತುದಿಯವರೆಗೂ ಕೈ ಎತ್ತಬಾರದು. ನನಗೆ ಪ್ರೈಮರ್ ಗೊತ್ತಿಲ್ದೆ ಇರಬಹುದು, ಹನ್ನೊಂದು ಸಲ ಬಳಿದ ಕೈ ಇದು."

ಅವನು ತೋರಿಸಿಕೊಟ್ಟ. ಬಣ್ಣದಕ್ಕ ಮಾಡಿದಳು. ಮೊದಲು ಓರೆ, ಆಮೇಲೆ ಸ್ವಲ್ಪ ನೆಟ್ಟಗೆ. ಐದನೆಯದೋ ಆರನೆಯದೋ ಎಳೆತಕ್ಕೆ ಬ್ರಷ್ಷು ಸದ್ದೇ ಇಲ್ಲದೆ ಜಾರಿತು, ಹಿಂದೆ ಒಂದೂ ಗೆರೆಯಿಲ್ಲದ, ಒದ್ದೆ ಮಿನುಗಿನ ಕೆಂಪು ಉಳಿಯಿತು. ಆಕೆ ಉಸಿರು ಬಿಗಿಹಿಡಿದು ಅದನ್ನೇ ನೋಡಿದಳು. ಈ ಸಂತೋಷವನ್ನು ಡಬ್ಬಿಯ ಮೇಲೆ ಯಾವ ಕಂಪನಿಯವನೂ ಬರೆದಿರಲಿಲ್ಲ.

ಎರಡು ದಿನ ಒಣಗಲು ಬಿಟ್ಟು, ಇಳಿದ ನಿರಿಗೆಗಳನ್ನೆಲ್ಲ ಉಜ್ಜಿ ಸಮ ಮಾಡಿ, ಗುರುವಾರ ಎರಡನೆಯ ಕೋಟು ಹಾಕಿದರು. ಆಕೆ ಒಂದು ಮಗ್ಗುಲು, ಕ್ಯಾಪ್ಟನ್ ಇನ್ನೊಂದು. ಯಾರ ಮಗ್ಗುಲು ಯಾವುದು ಎಂದು ಈಗ ಹೇಳುವುದು ಕಷ್ಟವಿತ್ತು; ನಾದಿನಿ ಮಾತ್ರ ಗೊತ್ತು ಎನ್ನುತ್ತಿದ್ದಳು, ಹೇಳುತ್ತಿರಲಿಲ್ಲ. ಶನಿವಾರ ಗಂಡ ತನ್ನ ಗಡಿಯಾರದ ಪೆಟ್ಟಿಗೆಯಿಂದ ಸಣ್ಣ ಬ್ರಷ್ಷುಗಳನ್ನೂ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ ತಂದು, ಅಚ್ಚಿನ ಸಹಾಯವಿಲ್ಲದೆ, ಎರಡೂ ಕಡೆ ಬಿಳಿಯಲ್ಲಿ ನಂಬರು ಬರೆದ. ಆರು ಅಕ್ಷರಕ್ಕೆ ನಾಲ್ಕು ಗಂಟೆ ಹಿಡಿಯಿತು. ಎಂಟರ ಅಂಕಿಯ ಹೊಟ್ಟೆ ಸಮನಾಗಿಲ್ಲ ಎಂದು ಒರೆಸಿ ಮತ್ತೆ ಬರೆದ.

ಕ್ಯಾಪ್ಟನ್‌ಗೆ ಮರುದಿನವೇ ನೀರಿಗಿಳಿಸುವ ತವಕ. ಬಣ್ಣದಕ್ಕ ಒಪ್ಪಲಿಲ್ಲ. "ಮೇಲೆ ಒಣಗಿದೆ ಅಷ್ಟೇ, ಒಳಗೆ ಗಟ್ಟಿಯಾಗೋಕೆ ಆರು ದಿನ ಬೇಕು. ಹದಿನೈದು ದಿನ ಮುಗಿಯೋದು ಶುಕ್ರವಾರಕ್ಕೆ ತಾನೇ?" ಆ ಆರು ದಿನವೂ ಅವನು ದೋಣಿಯ ಪಕ್ಕ ಕುರ್ಚಿ ಹಾಕಿಕೊಂಡು, ಅದರ ಮೇಲೆ ಹತ್ತಿ ಮಲಗಲು ಹವಣಿಸುತ್ತಿದ್ದ ಬೀದಿಯ ಬೆಕ್ಕುಗಳನ್ನು ಓಡಿಸುತ್ತ ಕೂತ.

ಶುಕ್ರವಾರ ಬೆಳಿಗ್ಗೆ ಗಾಡಿಯ ಹಿಂದೆ ಕಟ್ಟಿಕೊಂಡು ದೋಣಿಯನ್ನು ಕೆರೆಗೆ ಒಯ್ದರು. ನಾದಿನಿ ರಜೆ ಹಾಕಿದ್ದಳು. ಬೀದಿಗಳಲ್ಲಿ ಜನ ತಿರುಗಿ ತಿರುಗಿ ನೋಡಿದರು. ಇನ್ಸ್‌ಪೆಕ್ಟರ್ ಮೇಡಂ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ದೋಣಿಯ ಸುತ್ತ ಎರಡು ಸುತ್ತು ಬಂದರು, ಉಗುರಿನಿಂದ ಒಂದು ಕಡೆ ಕೆರೆದು ನೋಡಿದರು, ನಂಬರಿನ ಮುಂದೆ ನಿಂತುಬಿಟ್ಟರು.

"ಇದು ಅದೇ ದೋಣಿನಾ?"

"ಅದೇ ಮೇಡಂ," ಎಂದ ಕ್ಯಾಪ್ಟನ್ ಎದೆಯುಬ್ಬಿಸಿ. "ನಮ್ಮ ಅಕ್ಕ ಹೊಡೆದದ್ದು."

ಮೇಡಂ ಕಾಗದಕ್ಕೆ ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ಕ್ಯಾಪ್ಟನ್ ಅದನ್ನು ಮಡಿಸಿ ಜೇಬಿಗಿಟ್ಟು, ಜೇಬನ್ನು ಎರಡು ಸಲ ತಟ್ಟಿದ.

ನಾಲ್ವರೂ ದೋಣಿ ಹತ್ತಿದರು. ಈಜು ಬಾರದ ಗಂಡ ನಡುವೆ ಕೂತು ಎರಡೂ ಅಂಚನ್ನು ಭದ್ರವಾಗಿ ಹಿಡಿದುಕೊಂಡ. ಕ್ಯಾಪ್ಟನ್ ಹುಟ್ಟುಗಳ ಕಡೆ ಕೈ ಚಾಚಿದವನು ಏನನ್ನಿಸಿತೋ, ಅವನ್ನು ಬಣ್ಣದಕ್ಕನ ಮುಂದೆ ಇಟ್ಟ. "ಇವತ್ತು ನೀವೇ ಹಾಕಿ ಅಕ್ಕ."

"ನನಗೆಲ್ಲಿ ಬರುತ್ತೆ?"

"ಬರದೆ ಇರೋದನ್ನೆಲ್ಲ ಮಾಡ್ತಿದ್ದೀರಲ್ಲ ಈ ಹದಿನೈದು ದಿನದಿಂದ."

ಆಕೆ ಹುಟ್ಟು ಹಾಕಿದಳು. ಬಲಗೈ ಜೋರು, ಎಡಗೈ ಸೋಮಾರಿ. ದೋಣಿ ದಡದಿಂದ ಹತ್ತು ಮಾರು ಹೋಗಿ ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು. ದಡ ಬಂತು, ಕೆರೆ ಬಂತು, ಮತ್ತೆ ದಡ ಬಂತು. ಪ್ರತಿ ಸುತ್ತಿಗೂ ಇನ್ಸ್‌ಪೆಕ್ಟರ್ ಮೇಡಂ ಕಾಣಿಸಿ ಮರೆಯಾದರು, ಮೂರನೆಯ ಸುತ್ತಿನಲ್ಲಿ ಅವರೂ ನಗುತ್ತಿದ್ದರು. "ಎಡಗೈ ಅಕ್ಕ, ಎಡಗೈ!" ಎಂದು ಕ್ಯಾಪ್ಟನ್ ಕೂಗಿದ. ನಾದಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಗಂಡ ಕಣ್ಣು ಮುಚ್ಚಿಕೊಂಡು, "ನನಗೆ ಹೇಳಿ, ಮುಂದೆ ಹೋಗ್ತಿದ್ದೀವಾ?" ಎಂದು ಕೇಳುತ್ತಲೇ ಇದ್ದ.

ಸ್ವಲ್ಪ ಹೊತ್ತಿಗೆ ಎರಡು ಕೈಗೂ ಹೊಂದಾಣಿಕೆಯಾಯಿತು. ಹುಟ್ಟುಗಳು ಒಟ್ಟಿಗೆ ಮುಳುಗಿ ಒಟ್ಟಿಗೆ ಎದ್ದವು, ದೋಣಿ ನೆಟ್ಟಗೆ ಹೊರಟಿತು. ಆಚೆ ದಡದ ಹುಲ್ಲಿನ ಮೇಲೆ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಹಣ್ಣು ಹರಡಿಕೊಂಡು ಕೂತಾಗ ಬಣ್ಣದಕ್ಕ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಒಂದೊಂದರಲ್ಲೂ ಎರಡೆರಡು ಬೊಬ್ಬೆ ಎದ್ದಿದ್ದವು. ಆಕೆ ಅವನ್ನು ಎಲ್ಲರಿಗೂ ಒಬ್ಬೊಬ್ಬರಾಗಿ ತೋರಿಸಿದಳು. ಗಂಡ ಮೊಟ್ಟೆಯ ಸಿಪ್ಪೆ ಬಿಡಿಸಿ ಆಕೆಗೆ ಕೊಟ್ಟು, "ವಾಪಸ್ ಹೋಗೋವಾಗ ಕ್ಯಾಪ್ಟನ್ ಹಾಕ್ಲಿ ಬಿಡು," ಎಂದ.

"ಆಗೋದೇ ಇಲ್ಲ," ಎಂದಳು ಬಣ್ಣದಕ್ಕ, ಬಾಯ್ತುಂಬ ಮೊಟ್ಟೆ ತುಂಬಿಕೊಂಡು.